ಎರಡು ವಿಸಿಆರ್, ಒಂದು ತೊಟ್ಟಿಲ ಪದ

ಕಳೆದ ದಸರೆಯಿಂದ ಈ ದಸರೆಯವರೆಗೆ, ಸರಿಯಾಗಿ ಒಂದು ವರ್ಷ, ನಾನು ‘ಎಎಂವಿ’ ಮಾಡುವವರ ಗುಂಪೊಂದರಲ್ಲಿ ಇದ್ದೇನೆ. ನನಗೀಗ 68. ಗುಂಪಿನ ಹೆಚ್ಚಿನವರು ಇನ್ನೂ ಕಾಲೇಜು ಮುಗಿಸಿಲ್ಲ. ಅಲ್ಲಿ ಯಾರೂ ಯಾರ ವಯಸ್ಸನ್ನೂ ಕೇಳುವುದಿಲ್ಲವಾದ್ದರಿಂದ ಬಹಳ ದಿನ ಬಚಾವಾಗಿದ್ದೆ. ಆ ವರ್ಷದ ಲೆಕ್ಕ ಒಪ್ಪಿಸೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಎಎಂವಿ ಅಂದರೆ ಅನಿಮೆ ಮ್ಯೂಸಿಕ್ ವಿಡಿಯೊ. ಜಪಾನಿನ ಆನಿಮೇಷನ್ ಚಿತ್ರಗಳಿಗೆ ಅನಿಮೆ ಅನ್ನುತ್ತಾರೆ. ಅವುಗಳಿಂದ ದೃಶ್ಯಗಳನ್ನು ಕತ್ತರಿಸಿ ತೆಗೆದು, ಬೇರೆ ಯಾವುದೋ ಹಾಡಿಗೆ ಹೊಂದುವಂತೆ ಜೋಡಿಸುವುದೇ ಈ ಹವ್ಯಾಸ. ಚಿತ್ರವೂ ನಮ್ಮದಲ್ಲ, ಹಾಡೂ ನಮ್ಮದಲ್ಲ. ಕತ್ತರಿ ಎಲ್ಲಿ ಬೀಳಬೇಕು ಅನ್ನುವುದು ಮಾತ್ರ ನಮ್ಮದು. ಇದರಿಂದ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಆದರೂ ಜಗತ್ತಿನ ಮೂಲೆ ಮೂಲೆಯಲ್ಲಿ ಮಕ್ಕಳು ರಾತ್ರಿಯೆಲ್ಲ ಕೂತು ಇದನ್ನು ಮಾಡುತ್ತಾರೆ.

ನಾನು ರಾಯಚೂರಿನವನು. 2023ರಲ್ಲಿ ಹೆಂಡತಿ ತೀರಿಕೊಂಡಳು. ಒಂದು ವರ್ಷ ನಾನೇ ಅಡುಗೆ ಮಾಡಿಕೊಂಡು ಇದ್ದೆ. ಆಮೇಲೆ ಮಗ ಬಂದು, ಮನೆಗೆ ಬೀಗ ಹಾಕಿಸಿ, ಹೈದರಾಬಾದಿನ ಮಿಯಾಪುರಕ್ಕೆ ಕರೆದುಕೊಂಡು ಬಂದ. ರಾಯಚೂರಿನವರಿಗೆ ಹೈದರಾಬಾದು ಪರದೇಶವೇನಲ್ಲ. 1956ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ತೆಲುಗು ನನಗೂ ಬರುತ್ತದೆ. ಕಾಚಿಗುಡಕ್ಕೆ ಹೋದರೆ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗ ಶಾಲೆಯಿದೆ, ಕನ್ನಡ ಕಿವಿಗೆ ಬೀಳುತ್ತದೆ. ಆದರೆ ಮಿಯಾಪುರದಿಂದ ಕಾಚಿಗುಡ ದೂರ. ಮನೆಯಲ್ಲಿ ಸೊಸೆ ತೆಲುಗಿನವಳು, ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಮೊಮ್ಮಗನಿಗೆ ಕನ್ನಡ ತಿಳಿಯುತ್ತದೆ, ಬಾಯಿಂದ ಬರುವುದಿಲ್ಲ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವನು ತೆಲುಗಿನಲ್ಲಿ ಉತ್ತರ ಕೊಡುತ್ತಾನೆ. ಊಟ ಆಯ್ತಾ, ಆಯ್ತು. ಶಾಲೆ ಹೆಂಗಿತ್ತು, ಬಾಗುಂದಿ. ಮೊದಲ ನಾಲ್ಕು ತಿಂಗಳು ನಮ್ಮ ಮಾತು ಇಷ್ಟಕ್ಕೇ ಮುಗಿಯುತ್ತಿತ್ತು.

ಆ ದಸರಾ ರಜೆಯಲ್ಲಿ ಒಂದು ರಾತ್ರಿ ಅವನ ಕೋಣೆಯಿಂದ ಒಂದೇ ಸದ್ದು ಮತ್ತೆ ಮತ್ತೆ ಕೇಳುತ್ತಿತ್ತು. ಎರಡು ಸೆಕೆಂಡಿನ ಹಾಡಿನ ತುಣುಕು, ಮತ್ತೆ ಅದೇ, ಮತ್ತೆ ಅದೇ. ಬಾಗಿಲಲ್ಲಿ ನಿಂತು ನೋಡಿದೆ. ಕತ್ತಿ ಹಿಡಿದ ಹುಡುಗನೊಬ್ಬ ಗಾಳಿಯಲ್ಲಿ ತಿರುಗುತ್ತಿದ್ದ. ಡ್ರಮ್ಮಿನ ಪೆಟ್ಟು ಬಿದ್ದ ಮೇಲೆ ಕತ್ತಿ ಬೀಳುತ್ತಿತ್ತು.

“ತಡ ಆಗ್ಯದ ನೋಡು. ಕತ್ತಿ ಪೆಟ್ಟಿನ ಮುಂದ ಬರಬೇಕು,” ಅಂದೆ.

ಅವನು ತಿರುಗಿ ನೋಡಿದ. “ನೀಕೆಲಾ ತೆಲುಸು ತಾತಾ?” ಅಂದ. ನಿಂಗೆ ಹೆಂಗೆ ಗೊತ್ತು ಅಂತ. ಅವನು ನನಗೆ ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು.

ಗೊತ್ತಿಲ್ಲದೆ ಏನು? 1989ರಿಂದ 2006ರವರೆಗೆ ರಾಯಚೂರಿನಲ್ಲಿ ನನ್ನದೊಂದು ವಿಡಿಯೊ ಅಂಗಡಿ ಇತ್ತು. ಮದುವೆ, ಮುಂಜಿವೆ, ಸೀಮಂತ ಎಲ್ಲದಕ್ಕೂ ಹೆಗಲ ಮೇಲೆ ಪ್ಯಾನಸೋನಿಕ್ ಕ್ಯಾಮರಾ ಹೊತ್ತು ಹೋಗುತ್ತಿದ್ದೆ. ಬಂದ ಮೇಲೆ ‘ಮಿಕ್ಸಿಂಗ್’. ಎರಡು ವಿಸಿಆರ್ ಅಕ್ಕಪಕ್ಕ ಇಟ್ಟು, ಒಂದರಲ್ಲಿ ಮೂಲ ಕ್ಯಾಸೆಟ್ ಓಡಿಸಿ, ಇನ್ನೊಂದರಲ್ಲಿ ಬೇಕಾದಷ್ಟನ್ನೇ ರೆಕಾರ್ಡ್ ಮಾಡುವುದು. ಬಟನ್ ಒತ್ತಿದ ತಕ್ಷಣ ಯಂತ್ರ ಹಿಡಿಯುತ್ತಿರಲಿಲ್ಲ. ಟೇಪು ವೇಗಕ್ಕೆ ಬರಲು ಒಂದು ಕ್ಷಣ ಬೇಕು. ಆದ್ದರಿಂದ ತಾಳ ಬೀಳುವುದಕ್ಕಿಂತ ಮುಂಚೆಯೇ ಒತ್ತಬೇಕು, ಎಷ್ಟು ಮುಂಚೆ ಅನ್ನುವುದು ಬೆರಳಿಗೆ ಗೊತ್ತಿರಬೇಕು. ಆಮೇಲೆ ಆಡಿಯೊ ಡಬ್ ಬಟನ್ ಒತ್ತಿ, ಪುರೋಹಿತರ ಮಂತ್ರ ಅಳಿಸಿ, ಮೇಲೆ ಸಿನಿಮಾ ಹಾಡು ಕೂರಿಸುತ್ತಿದ್ದೆ. ಅಕ್ಕಿಕಾಳು ಬೀಳುವಾಗ ಒಂದು ಹಾಡು, ಹೆಣ್ಣು ಒಪ್ಪಿಸುವಾಗ ಇನ್ನೊಂದು. ಗುಲಾಬಿ ಹೂವಿನೊಳಗೆ ಮದುಮಗಳ ಮುಖ ಅರಳಿಸಿದರೆ ಬೀಗರು ಐವತ್ತು ರೂಪಾಯಿ ಹೆಚ್ಚಿಗೆ ಕೊಡುತ್ತಿದ್ದರು. ಯಾವ ಹಾಡಿಗೂ ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಕೇಳಬೇಕು ಅನ್ನುವುದೇ ಗೊತ್ತಿರಲಿಲ್ಲ. ಕಂಪ್ಯೂಟರ್ ಎಡಿಟಿಂಗ್ ಬಂತು, ಹುಡುಗರು ಬಂದರು, ನನ್ನ ಅಂಗಡಿ ಮುಚ್ಚಿತು. ಆಮೇಲೆ ಹದಿನೆಂಟು ವರ್ಷ ಆ ವಿದ್ಯೆಯ ಬಗ್ಗೆ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

ಇದನ್ನೆಲ್ಲ ಹೇಳಿದೆ. ಮೊಮ್ಮಗ ನಕ್ಕು, ಮೊಟ್ಟಮೊದಲ ಎಎಂವಿ ಮಾಡಿದವನೂ ಹೀಗೇ ಮಾಡಿದ್ದ ಅಂದ. 1982ರಲ್ಲಿ ಅಮೆರಿಕದಲ್ಲಿ ಜಿಮ್ ಕಪೋಸ್ಟಾಸ್ ಎಂಬ 21 ವರ್ಷದ ಹುಡುಗ ಎರಡು ವಿಸಿಆರ್ ಜೋಡಿಸಿಕೊಂಡು, ‘ಸ್ಟಾರ್ ಬ್ಲೇಜರ್ಸ್’ ಎಂಬ ಜಪಾನಿ ಧಾರಾವಾಹಿಯ ಹೊಡೆದಾಟದ ದೃಶ್ಯಗಳನ್ನೆಲ್ಲ ಆರಿಸಿ, ಬೀಟಲ್ಸ್‌ನವರ ಪ್ರೀತಿಯ ಹಾಡಿಗೆ ಕೂರಿಸಿದನಂತೆ, ನಗಿಸುವುದಕ್ಕೆ. ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು. ಅವನಿಗೂ ಬಟನ್ ಮುಂಚೆ ಒತ್ತಬೇಕಾಗಿ ಬಂದಿರಬೇಕು.

ಹೀಗೆ ನಾನು ಅವನ ಗುಂಪು ಸೇರಿದೆ. ಕಲಿಯುವುದು ಬಹಳ ಇತ್ತು. ಈಗ ಹಾಡು ಕಣ್ಣಿಗೆ ಕಾಣುತ್ತದೆ. ತಾಳ ಬಿದ್ದಲ್ಲೆಲ್ಲ ಗೆರೆ ಗುಡ್ಡದ ಹಾಗೆ ಏಳುತ್ತದೆ, ಅಲ್ಲಿಗೆ ಚಿತ್ರ ಎಳೆದು ಇಟ್ಟರಾಯಿತು. ಅನಿಮೆಯಲ್ಲಿ ಸೆಕೆಂಡಿಗೆ 24 ಫ್ರೇಮು ಇದ್ದರೂ ಪ್ರತಿ ಫ್ರೇಮಿಗೂ ಹೊಸ ಚಿತ್ರ ಬರೆದಿರುವುದಿಲ್ಲ, ಒಂದೇ ಚಿತ್ರ ಎರಡು ಮೂರು ಫ್ರೇಮು ನಿಂತಿರುತ್ತದೆ. ಮಾತಾಡುವಾಗ ಬಾಯಿಗೂ ಕೆಲವೇ ಆಕಾರ. ಅದಕ್ಕೇ ಜಪಾನಿ ಪಾತ್ರದ ಬಾಯಲ್ಲಿ ಯಾವ ಭಾಷೆಯ ಹಾಡನ್ನಾದರೂ ಹಾಡಿಸಬಹುದು. ಚಿತ್ರದ ಕೆಳಗೆ ಸಬ್‌ಟೈಟಲ್ ಇರುವ ತುಣುಕು ಬಳಸಿದರೆ ಮಾತ್ರ ಗುಂಪಿನಲ್ಲಿ ಮಾನ ಹೋಗುತ್ತದೆ. ಕೆಲವೊಮ್ಮೆ ಒಂದು ಉದ್ದದ ಹಾಡನ್ನು ಹತ್ತಾರು ಜನ ಹಂಚಿಕೊಂಡು, ಒಬ್ಬೊಬ್ಬರು ಹತ್ತು ಹದಿನೈದು ಸೆಕೆಂಡು ಮಾಡಿ ಜೋಡಿಸುತ್ತಾರೆ. ನಮ್ಮೂರಲ್ಲಿ ಹೊಲಕ್ಕೆ ಮುಯ್ಯಾಳು ಹೋಗುತ್ತಿದ್ದ ಹಾಗೆ. ಇವತ್ತು ನಿನ್ನದಕ್ಕೆ ನಾನು, ನಾಳೆ ನನ್ನದಕ್ಕೆ ನೀನು.

ಜಗಳವೂ ಆಗುತ್ತಿತ್ತು. ಅವನಿಗೆ ಸೆಕೆಂಡಿಗೆ ನಾಲ್ಕು ಕತ್ತರಿ ಬೇಕು, ಚಿತ್ರ ನಡುಗಬೇಕು, ಮಿಂಚಬೇಕು. “ಮುಖ ನೋಡಾಕ ಟೈಮ್ ಕೊಡಪಾ” ಅಂತ ನಾನು. “ನೀ ಗುಲಾಬಿ ಹೂವು ಹಾಕುತ್ತಿದ್ದೆಯಲ್ಲ” ಅಂತ ಅವನು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

2025ರ ಜನವರಿಯಲ್ಲಿ ಯುಗೊ ಸಾಕೊ ಮತ್ತು ನಮ್ಮ ರಾಮ್ ಮೋಹನ್ ಸೇರಿ ಮಾಡಿದ್ದ 1992ರ ರಾಮಾಯಣದ ಅನಿಮೆ ಮತ್ತೆ ಥಿಯೇಟರಿಗೆ ಬಂತು. ಇಬ್ಬರೂ ಹೋಗಿ ತೆಲುಗಿನಲ್ಲಿ ನೋಡಿದೆವು. ಕಥೆ ಗೊತ್ತಿದ್ದ ನಾನು ಅತ್ತೆ, ಗೊತ್ತಿಲ್ಲದ ಅವನು ಹನುಮಂತ ಹಾರುವ ದೃಶ್ಯದ ಫ್ರೇಮು ಎಣಿಸುತ್ತಿದ್ದ.

ಫೆಬ್ರವರಿಯಲ್ಲಿ ಪೆಟ್ಟು ಬಿತ್ತು. ಮೂರು ತಿಂಗಳು ಕೂತು ಮಾಡಿದ ಅವನ ವಿಡಿಯೊ ಹಾಕಿದ ಅರ್ಧ ಗಂಟೆಯಲ್ಲಿ ತಡೆಯಾಯಿತು. ಹಾಡಿನ ಒಡೆಯರ ಹಕ್ಕು. ಈಗ ಇದನ್ನು ಮನುಷ್ಯರು ಹುಡುಕುವುದಿಲ್ಲ. ಹಾಡಿನ ಗುರುತನ್ನು ಕಂಪ್ಯೂಟರೇ ಹೋಲಿಸಿ ಹಿಡಿಯುತ್ತದೆ. ಗುಂಪಿನ ಹಿರಿಯರು (ಹಿರಿಯರು ಅಂದರೆ ಮೂವತ್ತು ದಾಟಿದವರು) ಸಮಾಧಾನ ಹೇಳಿದರು. 2005ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಯೊಂದು ಕೇಳಿದ್ದರಿಂದ ಇವಾನೆಸೆನ್ಸ್ ತಂಡದ ಹಾಡು ಬಳಸಿದ ವಿಡಿಯೊಗಳನ್ನೆಲ್ಲ ಒಂದೇ ಏಟಿಗೆ ತೆಗೆಯಬೇಕಾಗಿ ಬಂದಿತ್ತಂತೆ. ಹುಡುಗ ಎರಡು ದಿನ ಲ್ಯಾಪ್‌ಟಾಪು ತೆರೆಯಲಿಲ್ಲ. ನಾನು ಅವನ ಪರ ಮಾತಾಡಲು ಹೋಗಿ ನಿಂತೆ. ಹಾಡು ಕಟ್ಟಿದವರಿಗೂ ಹೊಟ್ಟೆಯಿದೆ. ನನ್ನ ಕ್ಯಾಸೆಟ್ಟನ್ನು ಯಾರೋ ನಕಲು ಮಾಡಿ ಮಾರಿದ್ದಾಗ ನಾನೇ ಅವನ ಅಂಗಡಿ ಮುಂದೆ ನಿಂತು ಕೂಗಾಡಿದ್ದೆ.

ಮೂರನೇ ದಿನ ಅವನು ಕೇಳಿದ: “ತಾತಾ, ಯಾರಿಗೂ ಸೇರದ ಹಾಡು ಅಂತ ಒಂದು ಇರುತ್ತಾ?”

ಒಂದು ಇತ್ತು. ನಾನು ಅದನ್ನು ಎರಡು ವರ್ಷದಿಂದ ನೆನಸಿಕೊಳ್ಳದೆ ತಪ್ಪಿಸಿಕೊಂಡು ತಿರುಗುತ್ತಿದ್ದೆ.

ಯುಗಾದಿಗೆ ರಾಯಚೂರಿಗೆ ಹೋದಾಗ ಟ್ರಂಕು ತೆಗೆದೆ. 1984ರ ಆಡಿಯೊ ಕ್ಯಾಸೆಟ್. ಹೊಸ ಟೇಪ್ ರೆಕಾರ್ಡರ್ ತಂದ ವಾರ ಪರೀಕ್ಷೆಗೆಂದು ರೆಕಾರ್ಡ್ ಮಾಡಿದ್ದು. ನನ್ನ ಹೆಂಡತಿ ಮಗನನ್ನು ತೂಗುತ್ತಾ ತೊಟ್ಟಿಲ ಪದ ಹಾಡುತ್ತಿದ್ದಾಳೆ. ಆಕೆಗೆ ಆಕೆಯ ಅವ್ವ ಕಲಿಸಿದ್ದು, ಆ ಅವ್ವನಿಗೆ ಇನ್ಯಾರೋ. ಕಟ್ಟಿದವರ ಹೆಸರಿಲ್ಲ.

ಕ್ಯಾಸೆಟ್ಟಿನ ಒಳಗೆ ಟೇಪನ್ನು ಒತ್ತಿ ಹಿಡಿಯುವ ಪುಟ್ಟ ಫೆಲ್ಟು ಉದುರಿಹೋಗಿತ್ತು. ಹೈದರಾಬಾದಿಗೆ ತಂದು, ಕೋಠಿಯ ಗುಜರಾತಿ ಗಲ್ಲಿಯಲ್ಲಿ ಹುಡುಕಿ ಒಂದು ಹಳೆಯ ಡೆಕ್ಕು ಕೊಂಡೆ. ಬೇರೊಂದು ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ, ಅದರ ಹೊಟ್ಟೆಗೆ ನಮ್ಮ ಟೇಪಿನ ಸುರುಳಿ ಕೂರಿಸಿದೆ. ಕೈ ನಡುಗಿತು, ವಯಸ್ಸಿಗಲ್ಲ. ಡೆಕ್ಕಿನಿಂದ ಲ್ಯಾಪ್‌ಟಾಪಿಗೆ ವೈರು ಎಳೆದು ಪ್ಲೇ ಒತ್ತಿದೆವು. ಮೊದಲು ಬರೀ ಸುಯ್ ಎಂಬ ಸದ್ದು. ಆಮೇಲೆ ಇಪ್ಪತ್ತಾರು ವರ್ಷದ ಹುಡುಗಿಯ ದನಿ.

ನಾನು ಎದ್ದು ಬಾಲ್ಕನಿಗೆ ಹೋದೆ.

ಬರುವಷ್ಟರಲ್ಲಿ ಮೊಮ್ಮಗ ಸದ್ದನ್ನು ತೊಳೆದಿಟ್ಟಿದ್ದ. ಸುಯ್ ಇಲ್ಲ, ಕುಕ್ಕರಿನ ಸೀಟಿ ಇಲ್ಲ, ನಡುವೆ ಕೂಸು ಅಳುವುದೂ ಇಲ್ಲ. ಆದರೆ ಸಾಲು ಸಾಲಿನ ನಡುವೆ ಆಕೆ ಎಳೆದುಕೊಳ್ಳುತ್ತಿದ್ದ ಉಸಿರೂ ಹೋಗಿತ್ತು. ದನಿ ಇತ್ತು, ಮನುಷ್ಯಳು ಇರಲಿಲ್ಲ. ಏನು ಹೇಳಬೇಕೋ ತಿಳಿಯದೆ ನಿಂತಿದ್ದೆ. ಅಷ್ಟರಲ್ಲಿ ಆಫೀಸಿನಿಂದ ಬಂದ ಮಗ ಬಾಗಿಲಲ್ಲಿ ನಿಂತ. ಶೂ ಕೂಡ ಬಿಚ್ಚಿರಲಿಲ್ಲ. “ಮೊದಲಿಂದ ಹಚ್ಚು, ಕ್ಲೀನ್ ಮಾಡದೇ ಇದ್ದದ್ದು,” ಅಂದ. ಕೇಳಿದ. ಕೂಸು ಅತ್ತ ಕಡೆ, “ಇದು ಯಾರು?” ಅಂತ ಕೇಳಿದ.

“ನೀನೇ,” ಅಂದೆ.

“ಇದನ್ನ ತೆಗೀಬೇಡ,” ಅಂತ ಮಗನಿಗೆ ಹೇಳಿ ಒಳಗೆ ಹೋದ. ಅವನು ತನ್ನ ಮಗನೊಂದಿಗೆ ಕನ್ನಡ ಮಾತಾಡಿದ್ದನ್ನು ನಾನು ಕೇಳಿದ್ದು ಆಗಲೇ.

ಚಿತ್ರಕ್ಕೆ ಮೊಮ್ಮಗ ಆರಿಸಿದ್ದು ಮಾಮೊರು ಹೊಸೊದಾ ಅವರ 2012ರ ‘ವುಲ್ಫ್ ಚಿಲ್ಡ್ರನ್’. ಗಂಡ ಸತ್ತ ಮೇಲೆ ಹಾನಾ ಎಂಬ ಹುಡುಗಿ ಎರಡು ಕೂಸು ಕಟ್ಟಿಕೊಂಡು ಪಟ್ಟಣ ಬಿಟ್ಟು ಬೆಟ್ಟದ ಹಳ್ಳಿಗೆ ಹೋಗಿ, ಪಾಳುಮನೆ ರಿಪೇರಿ ಮಾಡಿಕೊಂಡು, ಆಲೂಗಡ್ಡೆ ಬೆಳೆದು ಬದುಕುವ ಕಥೆ. ಮಕ್ಕಳು ಅರ್ಧ ತೋಳ, ಅರ್ಧ ಮನುಷ್ಯ. ಎರಡು ಭಾಷೆಯ ಮನೆಯಲ್ಲಿ ಬೆಳೆಯುವ ಮಕ್ಕಳ ಹಾಗೆ ಅಂತ ನನಗನಿಸಿತು, ಹೇಳಲಿಲ್ಲ.

ಪದಕ್ಕೆ ತಕ್ಕ ಚಿತ್ರ ಇಡಬೇಕಾದರೆ ಪದ ತಿಳಿಯಬೇಕಲ್ಲ. ಹುಡುಗ ನೋಟ್‌ಬುಕ್ ಹಿಡಿದು ಕೂತ. ಇದೇನು, ಅದೇನು. ಎರಡು ವಾರ ಹೀಗೇ ನಡೆಯಿತು. ತವರು ಅನ್ನುವ ಶಬ್ದ ಬಂತು. “ತೆಲುಗಿನ್ಯಾಗ ಪುಟ್ಟಿಲ್ಲು,” ಅಂದೆ.

“ನಿಂಗೆ ರಾಯಚೂರು ತವರಾ?”

“ಗಂಡಸರಿಗೆ ತವರು ಇರಂಗಿಲ್ಲಪಾ.”

ಸ್ವಲ್ಪ ಹೊತ್ತು ಬಿಟ್ಟು, “ಹಾನಾಗೂ ಇಲ್ಲ. ಅವರಪ್ಪನೂ ಸತ್ತಿದ್ದಾನೆ,” ಅಂದ. ಆ ಶಬ್ದದ ಮೇಲೆ ಹಾನಾ ಹಳೇ ಮನೆಯ ನೆಲ ಒರೆಸುವ ಚಿತ್ರ ಇಟ್ಟ. ಕತ್ತರಿ ಹಾಕದೆ ಏಳು ಸೆಕೆಂಡು ಹಾಗೇ ಬಿಟ್ಟ. ಮಿಂಚಿಲ್ಲ, ನಡುಕವಿಲ್ಲ. ನಾನು ಬಾಯಿ ಬಿಡಲಿಲ್ಲ.

ಜೂನ್ ಮೊದಲ ವಾರ ಗುಂಪಿನ ಮುಂದೆ ಇಟ್ಟೆವು. ಹಾಡು ಯಾರಿಗೂ ಸೇರದಿದ್ದರೂ ಚಿತ್ರ ಇನ್ನೊಬ್ಬರದೇ, ಆದ್ದರಿಂದ ಹೊರಗೆ ಎಲ್ಲೂ ಹಾಕಲಿಲ್ಲ. ದೊಡ್ಡ ಹೆಸರೇನೂ ಬರಲಿಲ್ಲ. ಒಬ್ಬ, ನಡುವೆ ಒಂದು ಕಡೆ ಎರಡು ಫ್ರೇಮು ತಪ್ಪಿದೆ ಅಂದ. ಹೌದು, ತಪ್ಪಿತ್ತು. ಮೂರು ನಾಲ್ಕು ಜನ, ಇದು ಯಾವ ಭಾಷೆ, ಹಾಡಿದವರು ಯಾರು ಅಂತ ಕೇಳಿದರು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಮೊಮ್ಮಗ ಉತ್ತರ ಬರೆದಾಗಿತ್ತು: ಕನ್ನಡ, ನಮ್ಮ ಅಜ್ಜಿ.

ಆಮೇಲೆ ಹತ್ತನೇ ಕ್ಲಾಸು ಶುರುವಾಯಿತು. ಪಬ್ಲಿಕ್ ಪರೀಕ್ಷೆ ಮುಗಿಯುವವರೆಗೆ ಎಡಿಟಿಂಗ್ ಬಂದ್ ಅಂತ ಸೊಸೆ ಹೇಳಿದ್ದಾಳೆ. ನ್ಯಾಯವೇ. ಸೆಪ್ಟೆಂಬರಿನಲ್ಲಿ ಒಂದು ದಿನ ಮಾತ್ರ ರಜೆ ಕೇಳಿಕೊಂಡು ‘ಡೀಮನ್ ಸ್ಲೇಯರ್’ ಸಿನಿಮಾಕ್ಕೆ ಹೋದೆವು. ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು, ಇಷ್ಟರಲ್ಲಿ ಬಂದಿತ್ತು. ಕನ್ನಡದಲ್ಲಿ ಯಾಕಿಲ್ಲ ಅಂತ ಅವನು ಕೇಳಿದ. ಮೊದಲಾಗಿದ್ದರೆ ಕೇಳುತ್ತಿರಲಿಲ್ಲ. ದಶಕಗಟ್ಟಲೆ ಕನ್ನಡದಲ್ಲಿ ಡಬ್ಬಿಂಗ್ ಬೇಡವೆಂದು ನಡೆದ ಜಗಳದ ಕಥೆಯನ್ನು ಮೆಟ್ರೊದಲ್ಲಿ ಮಿಯಾಪುರ ಬರುವವರೆಗೂ ಹೇಳಿದೆ. ಇಳಿಯುವಾಗ, “ಹಂಗಂದ್ರ ನಾವೇ ಮಾಡಬೇಕು,” ಅಂದ. ಕನ್ನಡದಲ್ಲೇ ಅಂದ. ನಾನು ಗಮನಿಸಿದ್ದು ಅವನಿಗೆ ತಿಳಿಯಬಾರದೆಂದು ಬೇರೆ ಕಡೆ ನೋಡಿದೆ.

ಈಗ ಅವನು ಓದುತ್ತಾನೆ, ನಾನು ಅವನ ಲ್ಯಾಪ್‌ಟಾಪಿನ ಮುಂದೆ ಕೂರುತ್ತೇನೆ. ಮುಂದಿನ ಹಂಚಿಕೆಯಲ್ಲಿ ನನಗೆ ಹನ್ನೆರಡು ಸೆಕೆಂಡು ಬಂದಿದೆ. ಮೂರು ವಾರದಿಂದ ನಾಲ್ಕು ಸೆಕೆಂಡು ಆಗಿದೆ. ಗುಲಾಬಿ ಹೂವು ಎಲ್ಲೂ ಹಾಕಿಲ್ಲ.