ಜೋಡಿ ಕೂಡಿಸುವುದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಅವರ ಕಾಲದಲ್ಲಿ ಜೀಪು ಇರಲಿಲ್ಲ. ಇದ್ದಿದ್ದರೆ, ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಹಾಕಿಸಿ ನೋಡು ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಮೂರರಲ್ಲಿ ಮೊದಲನೆಯದನ್ನು ನಾನು ಬ್ಯಾಂಕಿನ ಸಾಲದಲ್ಲಿ ಮಾಡಿ ಮುಗಿಸಿದ್ದೇನೆ. ಉಳಿದೆರಡನ್ನು ನನ್ನ ಚಿಕ್ಕಪ್ಪ 1991ರಲ್ಲಿ ಒಟ್ಟಿಗೆ ಮಾಡಹೊರಟರು. ಎರಡಕ್ಕೂ ನನ್ನ ಸಲಹೆ ಕೇಳಿದರು. ನಾನು ಬೆಂಗಳೂರಿನಲ್ಲಿ ಗುಮಾಸ್ತನಾಗಿದ್ದೆ. ನಾಲ್ಕಕ್ಷರ ಓದಿದವನಿಗೆ ಎಲ್ಲವೂ ಗೊತ್ತಿರುತ್ತದೆಂದು ಚಿಕ್ಕಪ್ಪ ನಂಬಿದ್ದರು. ಹಾಗೆಂದು ನಾನೂ ನಂಬಿದ್ದೆ.

ಚಿಕ್ಕಪ್ಪನ ಊರು ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಹಳ್ಳಿ. ಅವರಲ್ಲಿ ಒಂದು ಹಳೆಯ ಜೀಪಿತ್ತು. ಅಮೆರಿಕದ ವಿಲ್ಲಿಸ್ ಕಂಪನಿಯ ನಕ್ಷೆಯಂತೆ ನಮ್ಮ ಮಹೀಂದ್ರದವರು ಮಾಡಿದ ಗಾಡಿ. ಸರ್ಕಾರಿ ಹರಾಜಿನಲ್ಲಿ ಕೊಂಡದ್ದು. ಅದು ಗೊಬ್ಬರ ಹೊರುತ್ತಿತ್ತು, ಬೆಲ್ಲದ ಅಚ್ಚುಗಳನ್ನು ಸಂತೆಗೆ ಸಾಗಿಸುತ್ತಿತ್ತು, ಬಸುರಿಯರನ್ನು ಆಸ್ಪತ್ರೆಗೆ ಒಯ್ಯುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಪೆಟ್ರೋಲ್ ಕುಡಿಯುತ್ತಿತ್ತು. 1990ರ ಆಗಸ್ಟಿನಲ್ಲಿ ಇರಾಕು ಕುವೈತನ್ನು ಆಕ್ರಮಿಸಿದ ಮೇಲೆ ಪೆಟ್ರೋಲಿನ ಬೆಲೆ ಏರಿತು. ಡೀಸೆಲಿನ ಬೆಲೆ ಅದರ ಅರ್ಧಕ್ಕಿಂತ ಕಡಿಮೆ. ಎಲ್ಲಿಯ ಕುವೈತು, ಎಲ್ಲಿಯ ಕೃಷ್ಣರಾಜಪೇಟೆ! ಆದರೂ ಚಿಕ್ಕಪ್ಪ ದಿನವೂ ರೇಡಿಯೋದಲ್ಲಿ ಕೊಲ್ಲಿಯ ಸುದ್ದಿ ಕೇಳಿ, ಜೀಪಿನ ಬಳಿ ಹೋಗಿ, ರೋಗಿಯನ್ನು ನೋಡುವಂತೆ ನೋಡಿ ಬರುತ್ತಿದ್ದರು.

ಕೊನೆಗೆ ಎಂಜಿನ್ ಬದಲಾಯಿಸುವುದೆಂದಾಯಿತು. ಚಿಕ್ಕಮ್ಮ ನಾಲ್ಕು ವರ್ಷ ಡೇರಿಗೆ ಹಾಲು ಹಾಕಿ ಕೂಡಿಸಿದ್ದ ದುಡ್ಡು ಅದಕ್ಕೆ ಮುಡಿಪಾಯಿತು. ಆ ದುಡ್ಡು ಮಗಳಿಗೆ ಸರ ಮಾಡಿಸುವುದಕ್ಕೆ ಇಟ್ಟದ್ದು ಎಂಬುದನ್ನು ಚಿಕ್ಕಮ್ಮ ಬಾಯಿಬಿಟ್ಟು ಹೇಳಲಿಲ್ಲ. ಹೇಳದೆಯೇ ನಮಗೆಲ್ಲ ಗೊತ್ತಿತ್ತು.

ಮೈಸೂರಿನಲ್ಲಿ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬನ ಬಳಿ, ಮಗುಚಿಬಿದ್ದ ಜೀಪೊಂದರಿಂದ ತೆಗೆದ ಪ್ಯೂಜೋ ಡೀಸೆಲ್ ಎಂಜಿನ್ ಸಿಕ್ಕಿತು. ಅದು ಫ್ರಾನ್ಸಿನ ಕುಲದ್ದು, 2112 ಸಿಸಿ. ವ್ಯಾಪಾರಿ ಎರಡು ಬೆಲೆ ಹೇಳಿದ. ಎಂಜಿನ್ ಒಂದೇ ಆದರೆ ಇಷ್ಟು. ಅದರದೇ ಕ್ಲಚ್ಚು, ನಾಲ್ಕು ಗೇರಿನ ಪೆಟ್ಟಿಗೆ ಸಹಿತವಾದರೆ ನಾಲ್ಕು ಸಾವಿರ ಹೆಚ್ಚು. ಚಿಕ್ಕಪ್ಪ ನನ್ನ ಮುಖ ನೋಡಿದರು.

ನಮ್ಮ ಜೊತೆಯಲ್ಲಿ ಶ್ರೀರಂಗಪಟ್ಟಣದ ಮೆಕ್ಯಾನಿಕ್ ಸಾಬರು ಬಂದಿದ್ದರು. ಅವರು ಮೆಲ್ಲಗೆ, “ಗೌಡ್ರೆ, ಸೆಟ್ಟೇ ತಗೊಳ್ಳಿ. ಎಂಜಿನ್ ತರೋದು ದೊಡ್ಡದಲ್ಲ, ಜೋಡಿ ಕೂಡ್ಸೋದು ದೊಡ್ಡದು” ಎಂದರು.

ನಾನು ಸುಮ್ಮನಿರಬಹುದಾಗಿತ್ತು. ಆದರೆ ಎಲ್ಲೋ ಒಂದು ಪುಸ್ತಿಕೆಯಲ್ಲಿ ಓದಿಕೊಂಡು ಬಂದಿದ್ದೆ. ಹಳೆಯ ಪೆಟ್ರೋಲ್ ಎಂಜಿನ್ ಸುಮಾರು 75 ಅಶ್ವಶಕ್ತಿಯದು, ಈ ಡೀಸೆಲ್ 62ರದು. “75 ಕುದುರೆಯ ಎಳೆತ ತಡೆದ ಕ್ಲಚ್ಚು 62 ಕುದುರೆಗೆ ಸಾಲದೇ? ಹಳೆಯ ಕ್ಲಚ್ಚು, ಹಳೆಯ ಮೂರು ಗೇರಿನ ಪೆಟ್ಟಿಗೆ ಧಾರಾಳವಾಗಿ ಸಾಕು” ಎಂದು ತೀರ್ಪಿತ್ತೆ. ಸಾಬರು ನನ್ನನ್ನೊಮ್ಮೆ ನೋಡಿ ಬೀಡಿ ಹಚ್ಚಿದರು. ನಾಲ್ಕು ಸಾವಿರ ಉಳಿಯಿತು.

ಓದುಗರಿಗೆ ಕ್ಲಚ್ಚಿನ ಸಂಸಾರವನ್ನು ಸ್ವಲ್ಪ ಪರಿಚಯಿಸಬೇಕು. ಎಂಜಿನ್ನಿನ ಹಿಂದೆ ಒಂದು ಭಾರವಾದ ಚಕ್ರ ತಿರುಗುತ್ತಿರುತ್ತದೆ, ಅದು ಫ್ಲೈವೀಲು. ಅದಕ್ಕೆ ಒತ್ತಿಕೊಂಡು ಒಂದು ತಟ್ಟೆ. ತಟ್ಟೆಯನ್ನು ಒತ್ತುವುದಕ್ಕೆ ಸ್ಪ್ರಿಂಗುಗಳಿರುವ ಮುಚ್ಚಳ. ತಟ್ಟೆಯ ನಡುವೆ ಹಲ್ಲುಹಲ್ಲಾದ ತೂತು. ಅದರೊಳಕ್ಕೆ ಗೇರುಪೆಟ್ಟಿಗೆಯ ಶಾಫ್ಟು ಸೇರುತ್ತದೆ. ಎಂದರೆ ತಟ್ಟೆಯ ಹೊರಸುತ್ತು ಎಂಜಿನ್ನಿನ ಮನೆಗೆ ಹೊಂದಬೇಕು, ಒಳತೂತು ಗೇರುಪೆಟ್ಟಿಗೆಯ ಮನೆಗೆ ಹೊಂದಬೇಕು. ತವರಿಗೂ ಸಲ್ಲಬೇಕು, ಅತ್ತೆಮನೆಗೂ ಸಲ್ಲಬೇಕು. ಒಂದು ಹಲ್ಲು ಹೆಚ್ಚುಕಡಿಮೆಯಾದರೂ ಒಳಗೆ ಹೋಗುವುದೇ ಇಲ್ಲ. ಇಷ್ಟಾದ ಮೇಲೂ ಶಾಫ್ಟಿನ ಮೂಗು ಎಂಜಿನ್ನಿನ ತುದಿಯ ಒಂದು ಸಣ್ಣ ಬುಷ್ಷಿನೊಳಗೆ ಕುಳಿತುಕೊಳ್ಳಬೇಕು. ಅದು ಸಡಿಲವಾಗಲೂ ಬಾರದು, ಬಿಗಿಯಾಗಲೂ ಬಾರದು. ಕ್ಲಚ್ಚನ್ನು ಬಿಡಿಸುವ ಬೇರಿಂಗಿಗೆ ಮುಚ್ಚಳದ ಬೆರಳುಗಳು ಸರಿಯಾದ ದೂರದಲ್ಲಿ ಸಿಗಬೇಕು.

ನಮ್ಮದು ಅಮೆರಿಕದ ಗೇರುಪೆಟ್ಟಿಗೆ, ಫ್ರಾನ್ಸಿನ ಎಂಜಿನ್. ಒಂದರ ಬೋಲ್ಟಿನ ತೂತು ಇನ್ನೊಂದಕ್ಕೆ ಸೇರದು. ನಡುವೆ ಒಂದು ದಪ್ಪ ಕಬ್ಬಿಣದ ತಗಡು ಕೊರೆಸಬೇಕಾಯಿತು. ಅದಕ್ಕೆ ಪಾಂಡವಪುರಕ್ಕೆ ಹೋದೆವು. ಸಕ್ಕರೆ ಕಾರ್ಖಾನೆಯ ಊರು. ಆಲೆಮನೆಗಳ ಗಾಣದ ರೋಲರುಗಳನ್ನು ಸಾಣೆಹಿಡಿಯುವ ಲೇತಿನವರು ಅಲ್ಲಿದ್ದರು. ಹೈದರನ, ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಆ ಊರಿಗೆ ಹಿಂದೆ ಫ್ರೆಂಚ್ ರಾಕ್ಸ್ ಎಂದೇ ಹೆಸರು. ಇನ್ನೂರು ವರ್ಷಗಳ ಮೇಲೆ ಮತ್ತೊಂದು ಫ್ರೆಂಚ್ ಸರಕು ಅಲ್ಲಿಗೆ ಸಹಾಯ ಕೇಳಿಕೊಂಡು ಬಂದಿತ್ತು. ಲೇತಿನವನು ತಗಡನ್ನು ಚೆನ್ನಾಗಿಯೇ ಕೊರೆದ. ಆದರೆ ಅವನು ಗಾಣದ ಲೆಕ್ಕದಲ್ಲಿ ಕೊರೆದ. ಕಬ್ಬು ಹಿಂಡುವ ಗಾಣಕ್ಕೆ ಕೂದಲೆಳೆಯಷ್ಟು ವ್ಯತ್ಯಾಸ ಲೆಕ್ಕಕ್ಕಿಲ್ಲ.

ಬುಷ್ಷಿನ ವಿಷಯ ಬಂದಾಗ ಚಿಕ್ಕಪ್ಪ, “ನಾಗಮಂಗಲದಲ್ಲಿ ಹಿತ್ತಾಳೆ ಕಂಚು ಎರೆಯೋರು ಅವ್ರೆ, ಅಲ್ಲೇ ಮಾಡಿಸ್ಬುಡಾನ” ಎಂದರು. ನಾಗಮಂಗಲದ ಲೋಹಶಿಲ್ಪ ಹೆಸರಾದದ್ದೇ. ಸಾಬರು ನಕ್ಕರು. “ಅವರು ದೇವರ ವಿಗ್ರಹ ಎರೀತಾರೆ ಗೌಡ್ರೆ. ದೇವರು ತಿರುಗೋದಿಲ್ಲ, ಶಾಫ್ಟು ತಿರುಗ್ತದೆ. ಇದಕ್ಕೆ ಎಣ್ಣೆ ಕುಡಿದ ಕಂಚೇ ಆಗಬೇಕು.”

ಎಂಜಿನ್ ಕೂಡಿತು, ಹೊಗೆ ಬಂತು, ಊರಿಗೆಲ್ಲ ಸದ್ದು ಕೇಳಿತು. ಚಿಕ್ಕಪ್ಪ ಮಂಡ್ಯದ ಸಾರಿಗೆ ಕಚೇರಿಗೆ ಹೋಗಿ ಹೊಸ ಎಂಜಿನ್ನಿನ ನಂಬರನ್ನೂ ಡೀಸೆಲ್ ಎಂಬುದನ್ನೂ ಪುಸ್ತಕದಲ್ಲಿ ಬರೆಸಿಕೊಂಡು ಬಂದರು. (1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಇಂಥ ಬದಲಾವಣೆಗಳದು, 2000ದ ತಿದ್ದುಪಡಿಯ ಮೇಲೆ ಅದು ಇನ್ನೂ ಬಿಗಿಯಾಗಿದೆ. ಇಂದು ಈ ಸಾಹಸಕ್ಕೆ ಇಳಿಯುವವರು ಲೇತಿನವನ ಬಳಿ ಹೋಗುವ ಮೊದಲು ಸಾರಿಗೆ ಕಚೇರಿಗೆ ಹೋಗುವುದು ಕ್ಷೇಮ.) ಬಯಲಿನಲ್ಲಿ ಜೀಪು ಚೆನ್ನಾಗಿ ಓಡಿತು. ನಾನು ಊರಿನಲ್ಲಿ ಎದೆಯುಬ್ಬಿಸಿ ನಡೆದೆ.

ಅದೇ ಹೊತ್ತಿಗೆ ಚಿಕ್ಕಪ್ಪನ ಮಗಳಿಗೆ, ನನ್ನ ತಂಗಿಗೆ, ನಾಗಮಂಗಲದ ಕಡೆಯ ಒಂದು ಸಂಬಂಧ ಕೂಡಿಬಂದಿತ್ತು. ಜಾತಕ ಕೂಡಿತ್ತು; ಜಮೀನೂ ಸಾಕಷ್ಟಿತ್ತು. ಹುಡುಗಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ನನ್ನನ್ನು ಕೇಳಿದ್ದರು, “ಒಳ್ಳೆಯ ಮನೆ, ಆಗಲಿ” ಎಂದಿದ್ದೆ. ವೀಳ್ಯಶಾಸ್ತ್ರದ ದಿನ ಜೀಪಿನಲ್ಲಿ ಹತ್ತು ಮಂದಿ, ಹಿಂದೆ ಹಣ್ಣುಕಾಯಿಯ ಬುಟ್ಟಿಗಳು. ಮೊದಲು ಮೇಲುಕೋಟೆಗೆ ಹೋಗಿ ಚೆಲುವನಾರಾಯಣನಿಗೆ ಕೈಮುಗಿದು, ಆಮೇಲೆ ನಾಗಮಂಗಲಕ್ಕೆ ಎಂದು ಏರ್ಪಾಡು.

ಬೆಟ್ಟದ ಏರಿನಲ್ಲಿ ಎದುರಿಗೆ ಎತ್ತಿನ ಗಾಡಿ ಬಂದು ಜೀಪು ನಿಂತಿತು. ಮತ್ತೆ ಹೊರಡಿಸುವಾಗ ತೊಂದರೆ ಶುರುವಾಯಿತು. ಹಳೆಯ ಪೆಟ್ಟಿಗೆಯ ಮೊದಲನೆಯ ಗೇರಿನ ಅನುಪಾತ ಸುಮಾರು 2.8, ಹಿಂದಿನ ಅಚ್ಚಿನದು 5.38. ಎರಡನ್ನೂ ಗುಣಿಸಿದರೆ, ಎಂಜಿನ್ 15 ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು. ಪೆಟ್ರೋಲ್ ಎಂಜಿನ್ನಿಗೆ ಅದು ಸಾಕಾಗಿತ್ತು. ಈ ಡೀಸೆಲ್ಲಿಗೆ, ಹತ್ತು ಮಂದಿಯ ಭಾರಕ್ಕೆ, ಆ ಏರಿಗೆ ಅದು ಸಾಲದು. ಎಂಜಿನ್ ನಿಂತುಹೋಗದಂತೆ ಚಿಕ್ಕಪ್ಪ ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದು ಎಳೆಸತೊಡಗಿದರು. ನಾಲ್ಕು ಚಕ್ರಕ್ಕೂ ಬಲ ಕೊಟ್ಟು ‘ಲೋ’ ಹಾಕಬಹುದಾಗಿತ್ತಲ್ಲ ಎಂದು ಜೀಪು ಬಲ್ಲವರು ಕೇಳಬಹುದು. ಮುಂಚಕ್ರದ ಶಾಫ್ಟನ್ನು, ಎಣ್ಣೆ ಹೆಚ್ಚು ಕುಡಿಸುತ್ತದೆಂದು ಚಿಕ್ಕಪ್ಪ ಎಂದೋ ಬಿಚ್ಚಿ ಅಟ್ಟದ ಮೇಲಿಟ್ಟಿದ್ದರು.

ಮೊದಲು ವಾಸನೆ ಬಂತು. ಆಮೇಲೆ ಹೊಗೆ. ಎಂಜಿನ್ ಕೂಗುತ್ತಿತ್ತು, ಗಾಡಿ ಕದಲಲಿಲ್ಲ. ಮರುಕ್ಷಣ ಅದು ಹಿಂದಕ್ಕೆ ಜಾರತೊಡಗಿತು. ಕೈಬ್ರೇಕು ಎಂದೂ ನೆಚ್ಚುವಂಥದಾಗಿರಲಿಲ್ಲ. ನಾನು ಬುಟ್ಟಿಗಳನ್ನು ಹಿಡಿದುಕೊಂಡು ಕಣ್ಣುಮುಚ್ಚಿದೆ. ಕಣ್ಣು ತೆರೆದಾಗ ಜೀಪು ನಿಂತಿತ್ತು. ರೇಷ್ಮೆ ಸೀರೆಯುಟ್ಟ ನನ್ನ ತಂಗಿ ಹಿಂದಿನಿಂದ ಹಾರಿ, ರಸ್ತೆಯ ಪಕ್ಕದ ಕಲ್ಲೊಂದನ್ನು ಗಾಲಿಗೆ ಕೊಟ್ಟು, ಕೈಯ ಮಣ್ಣು ಒರೆಸಿಕೊಳ್ಳುತ್ತಿದ್ದಳು. ಅವಳ ಹಿಂದೆ ನಾಲ್ಕು ಮಾರಿನಾಚೆ ಕಣಿವೆ.

ಬಸ್ಸು ಹಿಡಿದು ನಾಗಮಂಗಲ ಸೇರುವ ಹೊತ್ತಿಗೆ ಮುಹೂರ್ತ ಮೀರಿ ನಾಲ್ಕು ಗಂಟೆಯಾಗಿತ್ತು. ಗಂಡಿನ ಮನೆಯ ಹಿರಿಯರು ಊಟ ಹಾಕಿದರು. ವೀಳ್ಯ ಮಾತ್ರ ಇನ್ನೊಂದು ದಿನ ನೋಡೋಣ ಎಂದರು. ಆ ಇನ್ನೊಂದು ದಿನ ಬರಲೇ ಇಲ್ಲ. ಅಪಶಕುನವಾಯಿತೆಂದು ವಾರದಲ್ಲಿ ಹೇಳಿಕಳುಹಿಸಿದರು.

ಚಿಕ್ಕಪ್ಪ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು.

ಜೀಪನ್ನು ಶ್ರೀರಂಗಪಟ್ಟಣಕ್ಕೆ ಎಳೆಸಿಕೊಂಡು ಹೋದೆವು. ಸಾಬರು ಬಿಚ್ಚಿ ಒಂದೊಂದನ್ನೇ ಗೋಣಿಯ ಮೇಲೆ ಹರಡಿದರು. ತಟ್ಟೆ ಸುಟ್ಟು ಕರಿಕಾಗಿತ್ತು. ಮುಚ್ಚಳದ ಸ್ಪ್ರಿಂಗುಗಳು ಹಳೆಯವು, ಸೋತಿದ್ದವು. ಫ್ಲೈವೀಲಿನ ಮೇಲೆ ಡಯಲ್ ಗೇಜು ಕೂರಿಸಿ ಒಂದು ಸುತ್ತು ತಿರುಗಿಸಿದರು. ತಗಡಿನ ನಡುತೂತು ಒಂದು ಪಕ್ಕಕ್ಕೆ ಸರಿದಿತ್ತು. “ಸಾವಿರದ ಐದು ಭಾಗದಷ್ಟು ಇದ್ರೆ ನಡೀತದೆ, ಇದು ಅದರ ನಾಲ್ಕರಷ್ಟೈತೆ” ಎಂದರು, ಅಂಗುಲದ ಲೆಕ್ಕ. ಆಮೇಲೆ ನನ್ನ ಕಡೆ ತಿರುಗಿ, ಬೇಸರವಿಲ್ಲದೆ ಹೇಳಿದರು: “ಸ್ವಾಮಿ, ಕುದುರೆ ಎಣಿಸಿದ್ರಿ. ಆ ಕುದುರೆಗಳೆಲ್ಲ ಎಂಜಿನ್ ನಾಲ್ಕು ಸಾವಿರ ಸುತ್ತು ತಿರುಗುವಾಗ ಬರೋವು. ಏರಲ್ಲಿ ಅಷ್ಟು ಎಲ್ಲಿ ತಿರುಗ್ತದೆ? ಪೆಟ್ರೋಲ್ ಹಗ್ಗ ಎಳೆದಂಗೆ ಎಳೀತದೆ. ಡೀಸೆಲ್ ಒನಕೆ ಹಾಕಿದಂಗೆ ಹಾಕ್ತದೆ. ಬಲ ಕಮ್ಮಿ ಆದ್ರೂ ಏಟು ಜಾಸ್ತಿ. ಬಲ ಕಮ್ಮಿ ಇದ್ದೋನಿಗೆ ಗೇರು ಆಳ ಇರಬೇಕು.”

ಇಷ್ಟೇ ವಿಷಯ. ಪೆಟ್ರೋಲ್ ಎಂಜಿನ್ ತನ್ನೊಳಗಿನ ಗಾಳಿಯನ್ನು ಏಳರಲ್ಲೊಂದು ಪಾಲಿಗೆ ಒತ್ತಿದರೆ, ಡೀಸೆಲ್ ಇಪ್ಪತ್ತರಲ್ಲೊಂದು ಪಾಲಿಗಿಂತಲೂ ಬಿಗಿಯಾಗಿ ಒತ್ತುತ್ತದೆ. ಆ ಗುದ್ದನ್ನು ತಟ್ಟೆಯ ನಡುವಿನ ಸಣ್ಣ ಸ್ಪ್ರಿಂಗುಗಳು ನುಂಗಿಕೊಳ್ಳಬೇಕು. ಕ್ಲಚ್ಚು ಎಷ್ಟು ಹಿಡಿಯುತ್ತದೆಂಬುದು ಸ್ಪ್ರಿಂಗಿನ ಒತ್ತಡ, ತಟ್ಟೆಯ ಅಗಲ, ಅದರ ಮೈಯ ಒರಟುತನ ಇವುಗಳಿಂದ ನಿರ್ಧಾರವಾಗುತ್ತದೆ. ನನ್ನ ಪುಸ್ತಿಕೆಯ ಒಂದು ಅಂಕಿಯಿಂದಲ್ಲ.

ಆ ತಿಂಗಳು ನಾನು ಬ್ಯಾಂಕಿನಲ್ಲಿದ್ದ ನನ್ನ ಉಳಿತಾಯವನ್ನು ತೆಗೆದೆ. ಅದೇ ವ್ಯಾಪಾರಿಯ ಬಳಿ ಆ ಗೇರುಪೆಟ್ಟಿಗೆ ಇನ್ನೂ ಇತ್ತು. ಬೆಲೆ ಐದು ನೂರು ಏರಿತ್ತು. ಎಂಜಿನ್ನಿಗೆ ಹುಟ್ಟಿನಿಂದಲೇ ಹೊಂದಿದ್ದ ಪೆಟ್ಟಿಗೆಯಾದ್ದರಿಂದ ನಡುವೆ ತಗಡು ಬೇಕಾಗಲಿಲ್ಲ. ಮುಚ್ಚಳ, ತಟ್ಟೆ, ಬಿಡಿಸುವ ಬೇರಿಂಗು ಮೂರನ್ನೂ ಹೊಸದಾಗಿಯೇ ಹಾಕಬೇಕೆಂದು ಸಾಬರು ಹಟ ಹಿಡಿದರು. ಫ್ಲೈವೀಲಿನ ಮುಖವನ್ನು ಲೇತಿನಲ್ಲಿ ಹಗುರವಾಗಿ ಸವರಿಸಿದರು. ಹೊಸ ಪೆಟ್ಟಿಗೆ ಉದ್ದವಾಗಿದ್ದುದರಿಂದ ಹಿಂದಿನ ಶಾಫ್ಟನ್ನು ಗಿಡ್ಡ ಮಾಡಿಸಬೇಕಾಯಿತು. ಅಟ್ಟದ ಮೇಲಿದ್ದ ಮುಂದಿನ ಶಾಫ್ಟನ್ನು ಇಳಿಸಿ ಉದ್ದ ಮಾಡಿಸಿದೆವು. ಹಿಂದಿನ ಅಚ್ಚನ್ನು ಮುಟ್ಟಲಿಲ್ಲ. ಜೀಪಿನ ಗಾಲಿ ಸುತ್ತೊಂದಕ್ಕೆ ಸುಮಾರು ಎರಡೂಕಾಲು ಮೀಟರ್ ಹೋಗುತ್ತದೆ. ಮೇಲಿನ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಗಂಟೆಗೆ ಸುಮಾರು 50 ಕಿಲೋಮೀಟರ್. 3000 ತಿರುಗಿದರೆ 75. “ನಮಗೆ ಅಷ್ಟೇ ಸಾಕು, ಓಡೋಗಿ ಏನ್ ಮಾಡದು” ಎಂದರು ಚಿಕ್ಕಪ್ಪ. ಈ ಸಲ ಲೆಕ್ಕವನ್ನು ಸಾಬರಿಗೆ ತೋರಿಸಿಯೇ ಹೇಳಿದ್ದೆ.

ಮೊದಲ ಸವಾರಿ ಮೇಲುಕೋಟೆಗೇ. ಏರಿನಲ್ಲಿ, ಅದೇ ಜಾಗದಲ್ಲಿ, ಚಿಕ್ಕಪ್ಪ ಬೇಕೆಂದೇ ಜೀಪನ್ನು ನಿಲ್ಲಿಸಿ ಮತ್ತೆ ಹೊರಡಿಸಿದರು. ಅದು ಎಮ್ಮೆಯಂತೆ ನಿಧಾನವಾಗಿ, ದಡಬಡವಿಲ್ಲದೆ ಹತ್ತಿತು.

ಆ ಸಂಜೆ ಕಲ್ಯಾಣಿಯ ಮೆಟ್ಟಿಲ ಮೇಲೆ ತಂಗಿ ನನ್ನ ಪಕ್ಕದಲ್ಲಿ ಕುಳಿತಳು. ಅವಳ ಕ್ಷಮೆ ಕೇಳಬೇಕೆಂದು ಎಷ್ಟೋ ದಿನದಿಂದ ಮಾತು ಕೂಡಿಸುತ್ತಿದ್ದೆ. ಅವಳೇ ಮೊದಲು ಹೇಳಿದಳು: “ಅಣ್ಣ, ನಿನ್ನ ಲೆಕ್ಕ ತಪ್ಪಿದ್ದು ಒಳ್ಳೇದಾಯ್ತು. ಟೀಸೀಎಚ್ ಓದೋದು ಬೇಡ, ಮನೇಲಿ ಇರ್ಲಿ ಅಂದಿದ್ರು ಅವರು. ಜಾತಕ ಎಲ್ಲಾ ನೋಡಿದ್ರಿ. ನೀನಾದ್ರೂ ನನ್ನ ಒಂದು ಮಾತು ಕೇಳ್ತೀಯ ಅಂದ್ಕೊಂಡಿದ್ದೆ.”

ಸುತ್ತಳತೆಯೇನೋ ಸರಿಯಾಗಿತ್ತು. ಒಳಗಿನ ತೂತನ್ನು ನಾವು ಯಾರೂ ಅಳೆದಿರಲಿಲ್ಲ. ನನಗೆ ಆಡುವುದಕ್ಕೆ ಏನೂ ತೋಚಲಿಲ್ಲ. ಊರಿಗೆ ಬಂದ ಮೇಲೆ ಚಿಕ್ಕಪ್ಪನ ಮುಂದೆ ಕುಳಿತು, ಆ ವಿಷಯವನ್ನು ನಾನೇ ಎತ್ತಿದೆ. ಅವರು ಬಹಳ ಹೊತ್ತು ಎಲೆಯಡಿಕೆ ಅಗಿದು, “ಓದಲಿ ಬುಡು” ಎಂದರು.

ಓದಿದಳು. ಕೆಲಸ ಸಿಕ್ಕಿತು, ಆಮೇಲೆ ಮದುವೆಯೂ ಆಯಿತು, ಅವಳನ್ನು ಕೇಳಿಯೇ. ಈಗ ಪಾಂಡವಪುರದ ಕಡೆಯ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ಚಿಕ್ಕಪ್ಪ ಈಗಿಲ್ಲ, ಸಾಬರೂ ಇಲ್ಲ, ಜೀಪು ಕೂಡ ಇಲ್ಲ. ಚಿಕ್ಕಮ್ಮ ಇದ್ದಾರೆ. ಹೋದ ಯುಗಾದಿಗೆ ಊರಿಗೆ ಹೋಗಿದ್ದೆ. ಒಲೆಯಿಂದ ಸಾರಿನ ಪಾತ್ರೆ ಇಳಿಸಿ ಕೆಳಗಿಟ್ಟರು. ಪಾತ್ರೆಯ ಅಡಿಯಲ್ಲಿ, ನಡುವೆ ಹಲ್ಲುಹಲ್ಲಾದ ತೂತಿರುವ ಒಂದು ಕರಿಯ ಚಕ್ರ.

“ಇದು...” ಎಂದೆ.

“ಅದೇ ಕಣಪ್ಪ, ನೀನು ಸಾಕು ಅಂದಿದ್ಯಲ್ಲ, ಅದು” ಎಂದರು ಚಿಕ್ಕಮ್ಮ. “ಸಿಂಬೆಗೆ ಚೆನ್ನಾಗೈತೆ. ಎಷ್ಟು ಬಿಸಿ ಇಟ್ರೂ ಏನೂ ಆಗಾಕಿಲ್ಲ.” ಹಾಗೆಂದು ನನ್ನ ಮುದ್ದೆಯ ಮೇಲೆ ಇನ್ನೊಂದು ಸೌಟು ಸಾರು ಬಿಟ್ಟರು.