ಹೊಸ್ತಿಲು

ಕನ್ನಡ ಮೇಷ್ಟರ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಒಂದು ಅನುಕೂಲವಿದೆ. ನಿಘಂಟನ್ನು ತೆಗೆದು ನೋಡುವ ಶ್ರಮವಿಲ್ಲ. ಕೂತಲ್ಲಿಂದಲೇ "ಅಪ್ಪಾ, ಇದಕ್ಕೆ ಕನ್ನಡದಲ್ಲಿ ಏನಂತಾರೆ?" ಎಂದು ಕೂಗಿದರೆ ಸಾಕು. ಉತ್ತರ ಬಾರದಿದ್ದರೆ "ಎಂ.ಎ. ಬೇರೆ ಮಾಡಿದೀರಿ!" ಎಂದು ಹಂಗಿಸುವ ಅನುಕೂಲವೂ ಜೊತೆಗಿದೆ. ಕಳೆದ ತಿಂಗಳು ಒಂದು ಭಾನುವಾರ, ನಾನು ಪತ್ರಿಕೆಯ ಮರೆಯಲ್ಲಿ ಎರಡನೆಯ ಲೋಟ ಕಾಫಿಯನ್ನು ಮುಗಿಸುತ್ತಿದ್ದಾಗ, ನಡುಮನೆಯಿಂದ ಮಗಳು ಕೂಗಿದಳು: "ಅಪ್ಪಾ, ಲ್ಯಾಕ್ಟೇಟ್ ಥ್ರೆಶೋಲ್ಡ್ ಅಂದ್ರೆ ಕನ್ನಡದಲ್ಲಿ ಏನು? ಅತ್ತೆಗೆ ಹೇಳ್ಬೇಕು."

ಅತ್ತೆ ಎಂದರೆ ನನ್ನ ಅಕ್ಕ. ನನಗಿಂತ ಐದು ವರ್ಷ ಹಿರಿಯಳು. ಊರಿನಿಂದ ಬಂದು ನಾಲ್ಕು ದಿನವಾಗಿತ್ತು. ಹುಡುಗಿ ಬೆಳಗಿನ ಜಾವ ಓಡಿ ಬಂದು ಮುಖ ಒರೆಸಿಕೊಳ್ಳುತ್ತಿದ್ದಾಗ, ಅವಳ ಮಣಿಕಟ್ಟಿನ ಗಡಿಯಾರದ ಅಡಿಯಲ್ಲಿ ಮಿನುಗುತ್ತಿದ್ದ ಹಸಿರು ಬೆಳಕು ಅಕ್ಕನ ಕಣ್ಣಿಗೆ ಬಿದ್ದಿತ್ತು. "ಇದೇನೇ, ಮಿಣುಕುಹುಳ ಕಟ್ಕೊಂಡಿದೀಯಾ?" ಎಂದು ಕೇಳಿದ್ದಳು. ಅಲ್ಲಿಂದ ಶುರುವಾದ ಪಾಠ ಈ ಪದದ ಹತ್ತಿರ ಬಂದು ನಿಂತಿತ್ತು.

ನನ್ನ ಮಗಳು ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಳೆ. ಐದು ಸಾವಿರ ಮೀಟರ್ ಓಡುತ್ತಾಳೆ. ಅವಳ ತಂದೆಯಾದ ನಾನು ಬಸ್ಸಿಗಾಗಿ ಕೂಡ ಓಡಿದವನಲ್ಲ. ಆದರೂ ಎರಡು ವರ್ಷ ಅವಳ ಮಾತನ್ನು ಕೇಳಿ ಕೇಳಿ ಈ ಲ್ಯಾಕ್ಟೇಟಿನ ಪುರಾಣ ನನಗೆ ಒಂದಿಷ್ಟು ತಲೆಗೆ ಹತ್ತಿದೆ.

ಹೆಸರಿನ ಮೂಲ ಹಾಲು. 1780ರಲ್ಲಿ ಸ್ವೀಡನ್ನಿನ ಷೀಲೆ ಎಂಬ ರಸಾಯನಶಾಸ್ತ್ರಜ್ಞ ಹುಳಿತ ಹಾಲಿನಿಂದ ಒಂದು ಆಮ್ಲವನ್ನು ಬೇರ್ಪಡಿಸಿದ. ಲ್ಯಾಟಿನ್ನಿನಲ್ಲಿ ಹಾಲಿಗೆ ಇರುವ ಹೆಸರೇ ಅದಕ್ಕೂ ಬಂತು. ಮುಂದೆ 1807ರ ಸುಮಾರಿಗೆ ಅದೇ ದೇಶದ ಬರ್ಸೀಲಿಯಸ್, ಬೇಟೆಯಲ್ಲಿ ಓಡಿ ಓಡಿ ಸತ್ತ ಜಿಂಕೆಯ ಮಾಂಸಖಂಡಗಳಲ್ಲಿ ಅದೇ ಹುಳಿಯನ್ನು ಕಂಡ. ನೂರು ವರ್ಷದ ಮೇಲೆ, 1907ರಲ್ಲಿ, ಕೇಂಬ್ರಿಜ್‌ನ ಫ್ಲೆಚರ್ ಮತ್ತು ಹಾಪ್ಕಿನ್ಸ್ ಕಪ್ಪೆಯ ಸ್ನಾಯುಗಳನ್ನು ಪರೀಕ್ಷಿಸಿ, ಆಮ್ಲಜನಕವಿಲ್ಲದೆ ದುಡಿದು ದಣಿದಾಗ ಈ ಹುಳಿ ಹೆಚ್ಚುವುದೆಂದು ತೋರಿಸಿದರು. ಅಲ್ಲಿಗೆ ಅಪವಾದ ಅಂಟಿಕೊಂಡಿತು. ದಣಿವಿಗೆ ಅದೇ ಕಾರಣ, ಕಾಲು ನೋವಿಗೆ ಅದೇ ಕಾರಣ, ಅದೊಂದು ವಿಷ, ಅದೊಂದು ಕಸ. ಎಷ್ಟೋ ಕಾಲ ಓಟಗಾರರೆಲ್ಲ ಅದನ್ನು ಬೈದರು.

ಆದರೆ ಅಪರಾಧಿ ಅದಲ್ಲವಂತೆ. ಸ್ನಾಯುವಿನಿಂದ ಹೊರಟ ಲ್ಯಾಕ್ಟೇಟು ಯಕೃತ್ತನ್ನು ಸೇರಿ ಮತ್ತೆ ಸಕ್ಕರೆಯಾಗುತ್ತದೆ. ಇದನ್ನು ಕಂಡ ಕೋರಿ ದಂಪತಿಗಳಿಗೆ 1947ರಲ್ಲಿ ನೊಬೆಲ್ ಬಂತು. ಹೃದಯ ಅದನ್ನು ಉರುವಲಾಗಿ ಉರಿಸುತ್ತದೆ. ದುಡಿಯುವ ಬೇರೆ ಸ್ನಾಯುಗಳೂ ಉರಿಸುತ್ತವೆ ಎಂದು 1980ರ ದಶಕದಿಂದ ಬರ್ಕ್ಲಿಯ ಜಾರ್ಜ್ ಬ್ರೂಕ್ಸ್ ವಾದಿಸಿ, ಸಾಧಿಸಿ ತೋರಿಸಿದರು. ಓಡಿದ ಮಾರನೆಯ ದಿನದ ಕಾಲುನೋವಿಗೂ ಅದಕ್ಕೂ ಸಂಬಂಧವಿಲ್ಲ. ಅಷ್ಟು ಹೊತ್ತಿಗೆ ಅದು ಎಂದೋ ಕರಗಿ ಹೋಗಿರುತ್ತದೆ. ಬೆಂಕಿ ಬಿದ್ದ ಮನೆಯ ಹತ್ತಿರ ನೀರಿನ ಕೊಡ ಹಿಡಿದು ನಿಂತವನನ್ನೇ ಊರವರು ಹಿಡಿದು ಕಟ್ಟಿಹಾಕಿದಂತೆ ಆಯಿತು ಅದರ ಕಥೆ.

ಸುಮ್ಮನೆ ಕುಳಿತಾಗ ಒಂದು ಲೀಟರು ರಕ್ತದಲ್ಲಿ ಸುಮಾರು 1 ಮಿಲಿಮೋಲ್ ಲ್ಯಾಕ್ಟೇಟು ಇರುತ್ತದೆ. ನಡೆದರೂ, ಮೆಲ್ಲಗೆ ಓಡಿದರೂ ಹೆಚ್ಚು ಬದಲಾಗದು. ಹುಟ್ಟುವುದೂ ಕರಗುವುದೂ ಸರಿಸಮ. ವೇಗ ಏರಿಸುತ್ತ ಹೋದರೆ ಒಂದು ಎಡೆ ಬರುತ್ತದೆ. ಅಲ್ಲಿಂದಾಚೆಗೆ ಕರಗುವುದಕ್ಕಿಂತ ಹುಟ್ಟುವುದೇ ಹೆಚ್ಚು. ಕೂಡಿಟ್ಟದ್ದು ಏರುತ್ತದೆ, ಉಸಿರು ಏದುತ್ತದೆ, ಆಡುತ್ತಿದ್ದ ಮಾತು ತುಂಡಾಗುತ್ತದೆ. ಆ ಎಡೆಗೆ ಇಂಗ್ಲಿಷಿನಲ್ಲಿ ಥ್ರೆಶೋಲ್ಡ್ ಎನ್ನುತ್ತಾರೆ. ಅದರ ಕೆಳಗೆ ಗಂಟೆಗಟ್ಟಲೆ ಓಡಬಹುದು. ಮೇಲೆ ಹೋದರೆ ನಿಮಿಷಗಳ ಲೆಕ್ಕ.

ನಾನು ಪತ್ರಿಕೆಯನ್ನು ಮಡಿಸಿದೆ. ಮಿತಿ ಎನ್ನಬಹುದು, ಆದರೆ ಮಿತಿ ಎಂದರೆ ಅಲ್ಲಿಗೆ ಮುಗಿಯಿತು ಎಂಬ ಧ್ವನಿ. ಎಲ್ಲೆ ಎಂದರೆ ಜಮೀನಿನ ಜಗಳ ನೆನಪಾಗುತ್ತದೆ. ಅಂಚು ಸೀರೆಗೆ ಸರಿ. "ಹೊಸ್ತಿಲು ಅನ್ನಮ್ಮ" ಎಂದೆ. ಮಗಳಿಗೆ ಹಿಡಿಸಿತು. ಒಳಗೂ ಅಲ್ಲ, ಹೊರಗೂ ಅಲ್ಲ. ನರಸಿಂಹ ತನ್ನ ಕೆಲಸ ಮುಗಿಸಿದ್ದು ಅಲ್ಲೇ ತಾನೆ! ಆದರೆ ಆ ಮಾತು ಕೇಳಿ ಅಕ್ಕ ತಲೆ ಎತ್ತಿ ನನ್ನ ಕಡೆ ನೋಡಿದಳು. ನಾನು ಮತ್ತೆ ಪತ್ರಿಕೆಯನ್ನು ಬಿಡಿಸಿಕೊಂಡೆ.

ಪಾಠ ಮುಂದುವರಿಯಿತು. "ಇದು ಇಷ್ಟು ಪುಟ್ಟ ಗಡಿಯಾರಕ್ಕೆ ಹೇಗೆ ಗೊತ್ತಾಗುತ್ತೆ?" ಎಂದು ಅಕ್ಕ ಕೇಳಿದಳು. ಒಳ್ಳೆಯ ಪ್ರಶ್ನೆ. ನಿಜ ಹೇಳಬೇಕೆಂದರೆ ಅದಕ್ಕೆ ಲ್ಯಾಕ್ಟೇಟು ಕಾಣುವುದೇ ಇಲ್ಲ. ಹಸಿರು ಬೆಳಕು ಚರ್ಮದೊಳಗೆ ಹೊಕ್ಕು, ರಕ್ತ ಉಕ್ಕಿ ಇಳಿಯುವುದನ್ನು ನೋಡಿ ನಾಡಿಯನ್ನು ಎಣಿಸುತ್ತದೆ, ಅಷ್ಟೆ. ಎಷ್ಟು ವೇಗಕ್ಕೆ ಎಷ್ಟು ನಾಡಿ ಎಂಬುದನ್ನು ದಿನದಿನವೂ ಬರೆದಿಟ್ಟುಕೊಂಡು, ಹೊಸ್ತಿಲು ಇಲ್ಲಿರಬಹುದು ಎಂದು ಊಹಿಸುತ್ತದೆ. ಹೊಗೆ ನೋಡಿ ಬೆಂಕಿಯನ್ನು ಹೇಳುವ ತರ್ಕಶಾಸ್ತ್ರದ ಅನುಮಾನ ಪ್ರಮಾಣವೇ ಇದು, ಪ್ರತ್ಯಕ್ಷವಲ್ಲ.

ಪ್ರತ್ಯಕ್ಷಕ್ಕೆ ರಕ್ತವೇ ಬೇಕು. ಮೂರೋ ನಾಲ್ಕೋ ನಿಮಿಷಕ್ಕೊಮ್ಮೆ ವೇಗ ಏರಿಸಿ ಓಡಿಸುವುದು, ಪ್ರತಿಸಲವೂ ಕಿವಿಯ ಹಾಲೆಯಿಂದಲೋ ಬೆರಳ ತುದಿಯಿಂದಲೋ ಒಂದು ತೊಟ್ಟು ತೆಗೆದು ಪುಟ್ಟ ಯಂತ್ರಕ್ಕೆ ಕುಡಿಸುವುದು. ನಾರ್ವೆಯ ಓಟಗಾರರು ತಾಲೀಮಿನ ನಡುವೆಯೇ ಹೀಗೆ ರಕ್ತ ನೋಡಿಕೊಂಡು, ಹೊಸ್ತಿಲನ್ನು ದಾಟದಂತೆ ಅದರ ಪಕ್ಕದಲ್ಲೇ ಓಡುತ್ತಾರೆ; ಟೋಕಿಯೋ ಒಲಿಂಪಿಕ್ಸ್‌ನಲ್ಲಿ, 2021ರಲ್ಲಿ, 1500 ಮೀಟರ್ ಗೆದ್ದ ಯಾಕೊಬ್ ಇಂಗೆಬ್ರಿಗ್ಟ್ಸೆನ್ ಈ ಸಂಪ್ರದಾಯದವನು. ನಮ್ಮ ಮನೆಯಲ್ಲಿ ಮಾತ್ರ, ಮಗಳು ಕಿವಿಗೆ ಹತ್ತಿ ಒತ್ತಿಕೊಂಡು ಬಂದ ದಿನ, "ಕಿವಿ ಚುಚ್ಚಿಸೋದು ಒಂದು ಸಲ ಮಾಡಿದ್ದು ಸಾಲದಾಗಿತ್ತೇ?" ಎಂದು ನನ್ನಾಕೆ ರೇಗಿದ್ದಳು.

ಚುಚ್ಚದೆ ತಿಳಿಯುವ ದಾರಿಯನ್ನೂ ಹುಡುಕುತ್ತಿದ್ದಾರೆ. 2013ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಜೋಸೆಫ್ ವಾಂಗ್ ಮತ್ತು ಸಂಗಡಿಗರು ಹಚ್ಚೆಯಂತೆ ಚರ್ಮಕ್ಕೆ ಅಂಟಿಸುವ ಒಂದು ಸಾಧನವನ್ನು ಮಾಡಿ ಸೈಕಲ್ ತುಳಿಯುವವರ ಮೇಲೆ ಪ್ರಯೋಗಿಸಿದರು. ಅದರಲ್ಲಿರುವ ಕಿಣ್ವವು ಬೆವರಿನ ಲ್ಯಾಕ್ಟೇಟನ್ನು ಒಡೆದಾಗ ಸಣ್ಣ ವಿದ್ಯುತ್ತು ಹರಿಯುತ್ತದೆ. ಅದನ್ನು ಅಳೆದರೆ ಆಯಿತು. 2016ರಲ್ಲಿ ಬರ್ಕ್ಲಿಯವರು ಬೆವರಿನ ಲ್ಯಾಕ್ಟೇಟು, ಸಕ್ಕರೆ, ಲವಣಗಳನ್ನು ಒಟ್ಟಿಗೆ ಅಳೆಯುವ ಪಟ್ಟಿಯನ್ನೂ ಮಾಡಿದರು. ತೊಡಕು ಒಂದೇ: ಬೆವರಿನ ಗ್ರಂಥಿಗಳು ತಾವೇ ಲ್ಯಾಕ್ಟೇಟನ್ನು ಮಾಡಿಕೊಳ್ಳುತ್ತವೆ, ಬೆವರು ಹೆಚ್ಚು ಸುರಿದರೆ ಅದು ನೀರಾಗುತ್ತದೆ. ರಕ್ತದ ಸಮಾಚಾರವನ್ನು ಬೆವರಿನಲ್ಲಿ ಕೇಳುವುದೆಂದರೆ ನಮ್ಮ ಮನೆಯ ಅಡಿಗೆಯನ್ನು ಪಕ್ಕದ ಮನೆಯ ಒಗ್ಗರಣೆಯ ವಾಸನೆಯಿಂದ ಹೇಳಿದ ಹಾಗೆ.

ಇದನ್ನೆಲ್ಲ ನಗುತ್ತ ಹೇಳುವ ಹುಡುಗಿ ಹೋದ ವರ್ಷ ಅತ್ತಿದ್ದಳು. ಗಡಿಯಾರವು ಅವಳ ಹೊಸ್ತಿಲನ್ನು ನಿಮಿಷಕ್ಕೆ 178 ನಾಡಿಬಡಿತ ಎಂದಿತ್ತು. ಅದನ್ನು ನಂಬಿ ಎರಡು ತಿಂಗಳು ಓಡಿದಳು. ದಿನೇ ದಿನೇ ಸೊರಗಿದಳು. ರಾತ್ರಿ ನಿದ್ದೆಯಿಲ್ಲ, ಊಟ ಬೇಡ, ಸ್ಪರ್ಧೆಯಲ್ಲಿ ಕೊನೆಯಿಂದ ಎರಡನೆಯವಳು. ಆಮೇಲೆ ರಕ್ತ ಪರೀಕ್ಷೆ ಮಾಡಿದರೆ ಹೊಸ್ತಿಲು 167ರಲ್ಲಿ ಇತ್ತು. ಅಷ್ಟು ದಿನವೂ ಅವಳು ಮೆಲ್ಲಗೆ ಓಡಬೇಕಾದಾಗ ಕಷ್ಟಪಟ್ಟು ಓಡಿದ್ದಳು. ಆಗ ನಾನು, "ನಿನ್ನ ಕೈಲಿ ಇಷ್ಟೇ ಆಗೋದು. ಡಿಗ್ರಿ ಮುಗಿಸು, ಸಾಕು" ಎಂದಿದ್ದೆ. ಅವಳು ಮರುಮಾತಾಡಲಿಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಬೂಟಿನ ಲಾಡಿ ಕಟ್ಟಿದಳು.

"ಹಾಗಾದ್ರೆ ಹೊಸ್ತಿಲು ಬಂತು ಅಂದ್ರೆ ನಿಂತುಬಿಡ್ಬೇಕೇನು?" ಅಕ್ಕ ಕೇಳಿದಳು.

"ಇಲ್ಲ ಅತ್ತೆ. ಎಲ್ಲಿದೆ ಅಂತ ತಿಳ್ಕೊಂಡು ಅದರ ಪಕ್ಕದಲ್ಲೇ ಓಡ್ತಾ ಇದ್ರೆ ಅದೇ ಮುಂದಕ್ಕೆ ಸರಿಯುತ್ತೆ. ಈಗ ನಂದು 172 ಆಗಿದೆ."

"ಓಹೋ," ಎಂದಳು ಅಕ್ಕ. "ಸರಿಯೋ ಹೊಸ್ತಿಲು."

ಮೂವತ್ತೇಳು ವರ್ಷದ ಹಿಂದೆ ಅಕ್ಕ ಹೈಸ್ಕೂಲಿನಲ್ಲಿದ್ದಳು. ತಾಲ್ಲೂಕಿನ ಆಟೋಟದಲ್ಲಿ ಎಂಟುನೂರು ಮೀಟರು ಬರಿಗಾಲಲ್ಲಿ ಓಡಿ ಮೊದಲು ಬಂದಳು. ಬಹುಮಾನವಾಗಿ ಬಂದ ಸ್ಟೀಲಿನ ಡಬ್ಬಿಯನ್ನು ಅಟ್ಟದಲ್ಲಿ ಬಚ್ಚಿಟ್ಟು, "ಅಣ್ಣನಿಗೆ ಹೇಳಬೇಡವೋ" ಎಂದು ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದಳು. ನಾವು ತಂದೆಯನ್ನು ಅಣ್ಣ ಎನ್ನುತ್ತಿದ್ದೆವು. ನಾನು ಹೇಳಿದೆ. ಹತ್ತು ವರ್ಷದ ಹುಡುಗನ ಬಾಯಲ್ಲಿ ಗುಟ್ಟು ನಿಲ್ಲಲಿಲ್ಲ ಎಂದು ಇಷ್ಟು ಕಾಲ ಸಮಾಧಾನ ಹೇಳಿಕೊಂಡಿದ್ದೇನೆ. ನಿಜವೆಂದರೆ ಅದರ ಹಿಂದಿನ ದಿನ ಅವಳು ನನ್ನ ತಲೆಗೆ ಮೊಟಕಿದ್ದಳು. ಅಣ್ಣ ಹೊಡೆಯಲಿಲ್ಲ, ಬೈಯಲಿಲ್ಲ. "ನಾಳೆಯಿಂದ ಶಾಲೆ ಬಿಟ್ಟ ಕೂಡಲೆ ಹೊಸ್ತಿಲ ಒಳಗಿರಬೇಕು" ಎಂದರು, ಅಷ್ಟೆ. ಅಕ್ಕ ಇದ್ದಳು. ಆ ವಿಷಯವನ್ನು ನಾವಿಬ್ಬರೂ ಎಂದೂ ಆಡಿಲ್ಲ. ಆ ಡಬ್ಬಿಯಲ್ಲಿ ಅಮ್ಮ ಬಹಳ ಕಾಲ ಸಾಸಿವೆ ಇಡುತ್ತಿದ್ದಳು.

ಅಣ್ಣ ಕೆಟ್ಟವರಲ್ಲ. ಅವರ ಬಳಿ ಅಳೆಯುವ ಯಂತ್ರ ಇರಲಿಲ್ಲ. ಮಗಳ ಮಿತಿ ತನಗೆ ಗೊತ್ತು ಎಂಬ ನಂಬಿಕೆ ಮಾತ್ರ ಇತ್ತು. ನಾನೂ ಅದೇ ನಂಬಿಕೆಯಿಂದಲೇ ಹೋದ ವರ್ಷ ಮಾತಾಡಿದ್ದು. ಅಷ್ಟೇ ಏಕೆ, ಈ ಮಾತು ನಡೆಯುತ್ತಿದ್ದ ಹೊತ್ತಿನಲ್ಲಿಯೂ ನನ್ನ ಮೇಜಿನ ಖಾನೆಯಲ್ಲಿ ಒಂದು ಕಾಗದ ಮಲಗಿತ್ತು. ಬೆಂಗಳೂರಿನಲ್ಲಿ ಆರು ತಿಂಗಳ ತರಬೇತಿಗೆ ಅವಳನ್ನು ಆರಿಸಿದ್ದರು. ಪೋಷಕರ ರುಜು ಬೇಕಾಗಿತ್ತು. "ನೋಡೋಣ" ಎಂದು ಹೇಳಿ ಹದಿನೈದು ದಿನವಾಗಿತ್ತು.

ಮಾರನೆಯ ಬೆಳಿಗ್ಗೆ ಮೂವರೂ ಕುಕ್ಕರಹಳ್ಳಿ ಕೆರೆಗೆ ಹೋದೆವು. ಮಗಳು ಗಡಿಯಾರವನ್ನು ಬಿಚ್ಚಿ ಅತ್ತೆಯ ಕೈಗೆ, ಬಳೆಗಳನ್ನು ಮೇಲೆ ಸರಿಸಿ, ಕಟ್ಟಿದಳು. ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಏರಿಯ ಮೇಲೆ ಹೊರಟಳು. ಮೊದಲು ನಡಿಗೆ, ಆಮೇಲೆ ಬಿರುಸು ನಡಿಗೆ, ಮರಗಳ ಮರೆಯಾಗುವ ತಿರುವಿನಲ್ಲಿ ಅದು ನಡಿಗೆಯಾಗಿ ಉಳಿದಿರಲಿಲ್ಲವೆಂದು ನನ್ನ ಅನುಮಾನ. ಹಿಂದೆ ಬಿದ್ದ ನಾನು ಏದುತ್ತ ತಲುಪುವ ಹೊತ್ತಿಗೆ ಅಕ್ಕ ಕಲ್ಲುಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದಳು.

"ನೋಡೇ, ನನ್ನ ಹೊಸ್ತಿಲು ಎಲ್ಲಿದೆ ಅಂತ ಹೇಳುತ್ತಾ ಇದು?"

ಮಗಳು ಗಡಿಯಾರದ ಗುಂಡಿ ಒತ್ತಿ ನೋಡಿದಳು. "ಇದರಲ್ಲಿರೋದೆಲ್ಲ ನನ್ನ ಲೆಕ್ಕ, ಅತ್ತೆ. ನಿಮ್ಮ ಪರಿಚಯ ಇದಕ್ಕಿನ್ನೂ ಆಗಿಲ್ಲ. ಒಂದಿಷ್ಟು ವಾರ ಓಡ್ಬೇಕು, ಆಗ ಹೇಳುತ್ತೆ."

ಅಕ್ಕ ಜೋರಾಗಿ ನಕ್ಕಳು. ನಾನು ಅವಳ ಪಕ್ಕದಲ್ಲಿ ಕೂತೆ. ಹೇಳಬೇಕೆಂದಿದ್ದ ಮಾತು ಉಸಿರಿನ ಜೊತೆಗೆ ಗಂಟಲಲ್ಲಿ ಸಿಕ್ಕಿಕೊಂಡಿತು. "ಅಕ್ಕ, ಅವತ್ತು ಅಣ್ಣನಿಗೆ ಹೇಳಿದ್ದು ನಾನೇ" ಎಂದೆ ಕೊನೆಗೆ.

"ಗೊತ್ತು ಕಣೋ," ಎಂದಳು ಕೆರೆಯ ಕಡೆ ನೋಡುತ್ತ. "ಇನ್ಯಾರು ಹೇಳ್ತಾರೆ? ಅದಿರಲಿ, ಇವಳ ಕಾಗದಕ್ಕೆ ರುಜು ಹಾಕಿದೆಯಾ?"

ಮನೆಗೆ ಬಂದವನೇ ಹಾಕಿದೆ. ಅವಳು ಅಲ್ಲಿ ಗೆಲ್ಲುವಳೋ ಸೋಲುವಳೋ ನಾನು ಅರಿಯೆ. ಯಾವ ಗಡಿಯಾರವೂ ಅದನ್ನು ಹೇಳಲಾರದು. ಅಕ್ಕ ಊರಿಗೆ ಹೊರಟಾಗ ಮಗಳು ತನ್ನ ಹಳೆಯ ಗಡಿಯಾರವನ್ನು ಅವಳ ಚೀಲದಲ್ಲಿಟ್ಟಳು. ಅದೇ, 178 ಎಂದು ಸುಳ್ಳು ಹೇಳಿದ್ದು. ಬೆಳಿಗ್ಗೆ ತೋಟದ ದಾರಿಯಲ್ಲಿ ನಡೆಯುವಾಗ ಕಟ್ಟಿಕೊಳ್ಳುತ್ತಿದ್ದಾಳಂತೆ.