ಅರ್ಧಕ್ಕೆ ನಿಂತ ಪಾಠ

ಕಳೆದ ಏಪ್ರಿಲ್‌ನಲ್ಲಿ ಒಂದು ಸಂಜೆ ಗಾಂಧಿ ಬಜಾರಿನಲ್ಲಿ ಹೂವು, ಬಾಳೆಎಲೆ ಕೊಂಡು, ಮೊಸರಿಗೆಂದು ಹತ್ತಿರದ ಸೂಪರ್ ಮಾರ್ಕೆಟ್ಟಿಗೆ ಹೋದೆ. ಐಸ್‌ಕ್ರೀಮ್ ಇಡುವ ಫ್ರೀಜರುಗಳ ಸಾಲು ಕೆಟ್ಟು ನಿಂತಿತ್ತು. ಹಿಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದ ಮೆಕ್ಯಾನಿಕ್ ಎದ್ದು, “ನಮಸ್ಕಾರ ಸಾರ್, ಗುರುತು ಸಿಕ್ತಾ?” ಅಂದ. ಇಪ್ಪತ್ತು ವರ್ಷದ ಹಿಂದೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ!

ಮಾತಾಡುತ್ತಲೇ ಅವನು ಒಂದು ವಾಲ್ವ್ ತಿರುಗಿಸಿದ. ‘ಬುಸ್’ ಎಂದು ಗ್ಯಾಸೆಲ್ಲ ಹೊರಗೆ ಹೋಯಿತು.

“ಎಷ್ಟಿತ್ತಪ್ಪಾ?”

“ಒಂದು ಕೇಜಿ ಇದ್ದಿರಬಹುದು ಸಾರ್. ಲೀಕ್ ಇದೆ, ಬೆಸುಗೆ ಹಾಕಬೇಕು. ಇದು ಓಝೋನಿಗೆ ಏನೂ ಮಾಡಲ್ಲ ಅಂತ ನೀವೇ ಪಾಠ ಮಾಡಿದ್ರಲ್ಲ!”

ನಿಜ, ಮಾಡಿದ್ದೆ. ಓಝೋನ್ ಪದರವನ್ನು ಹಾಳುಮಾಡುವ ಕ್ಲೋರೋಫ್ಲೋರೋ ಕಾರ್ಬನ್‌ಗಳಿಗೆ 1987ರ ಮಾಂಟ್ರಿಯಲ್ ಒಪ್ಪಂದ ಕಡಿವಾಣ ಹಾಕಿತು, ಕ್ಲೋರಿನ್ ಇಲ್ಲದ ಅನಿಲಗಳು ಅವುಗಳ ಜಾಗಕ್ಕೆ ಬಂದವು ಎಂದು ಹೇಳಿ ಪುಸ್ತಕ ಮುಚ್ಚಿದ್ದೆ. ಬಂದವುಗಳು ಭೂಮಿಯನ್ನು ಬಿಸಿ ಮಾಡುತ್ತವೆ ಎನ್ನುವ ಉಳಿದರ್ಧ ಹೇಳಿರಲಿಲ್ಲ.

ಅವನ ಪಕ್ಕದ ಸಿಲಿಂಡರಿನ ಮೇಲೆ ‘ಆರ್-404ಎ’ ಎಂದಿತ್ತು. ಮನೆಗೆ ಬಂದು ಲೆಕ್ಕ ಹಾಕಿದೆ. ನೂರು ವರ್ಷದ ಅವಧಿಯಲ್ಲಿ ಇದರ ಒಂದು ಕೇಜಿ, ಸುಮಾರು 3,900 ಕೇಜಿ ಇಂಗಾಲದ ಡೈಆಕ್ಸೈಡಿನಷ್ಟು ಶಾಖ ಹಿಡಿದಿಡುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೊರಬರುವುದು 2.3 ಕೇಜಿ. ಅಂದರೆ ಆ ಒಂದು ‘ಬುಸ್’ 1,700 ಲೀಟರ್ ಪೆಟ್ರೋಲಿಗೆ ಸಮ. ಲೀಟರಿಗೆ 45 ಕಿ.ಮೀ. ಓಡುವ ನನ್ನ ಸ್ಕೂಟರಿನಲ್ಲಿ ಅಷ್ಟಕ್ಕೆ ಭೂಮಿಯನ್ನು ಹೆಚ್ಚುಕಡಿಮೆ ಎರಡು ಸುತ್ತು ಹಾಕಬಹುದು!

ಈ ಅನಿಲಗಳನ್ನು ತಗ್ಗಿಸಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಒಪ್ಪಂದಕ್ಕೆ ತಿದ್ದುಪಡಿಯಾಯಿತು. ಭಾರತ 2021ರಲ್ಲಿ ಒಪ್ಪಿತು. ನಾವು 2028ರಿಂದ ಬಳಕೆಗೆ ಮಿತಿ ಹಾಕಿಕೊಂಡು, 2047ರ ಹೊತ್ತಿಗೆ ಶೇ 85ರಷ್ಟು ಇಳಿಸಬೇಕು. ಬದಲಿಗೆ ಪ್ರೊಪೇನ್ ಇದೆ. ತಮಾಷೆಯೆಂದರೆ, ನಾವು ಸದಾ ಬೈಯುವ ಇಂಗಾಲದ ಡೈಆಕ್ಸೈಡೂ ಒಳ್ಳೆಯ ಶೀತಕವೇ; ಯೂರೋಪಿನ ಸಾವಿರಾರು ಸೂಪರ್ ಮಾರ್ಕೆಟ್ಟುಗಳಲ್ಲಿ ಅದೇ ಓಡುತ್ತಿದೆ.

ಆದರೆ ಈಗಾಗಲೇ ಯಂತ್ರಗಳೊಳಗೆ ಇರುವ ಗ್ಯಾಸಿನ ಗತಿ? ಮರುವಾರ ಹೋಗಿ ಅವನನ್ನೇ ಕೇಳಿದೆ.

“ಎಳೆದು ಸಿಲಿಂಡರಿಗೆ ತುಂಬೋ ಮೆಷಿನ್ ಇದೆ ಸಾರ್. ಆದರೆ ಹೊತ್ತು ಹಿಡಿಯುತ್ತೆ. ಐಸ್‌ಕ್ರೀಮ್ ಕರಗುತ್ತೆ ಅಂತ ಅಂಗಡಿಯವರು ತಲೆ ಮೇಲೆ ನಿಂತಿರ್ತಾರೆ. ಆ ಹೊತ್ತಿಗೆ ಕೂಲಿ ಕೊಡೋರು ಯಾರು? ಎಷ್ಟೋ ಕಡೆ ಲೀಕ್ ಹುಡುಕೋದೂ ಬೇಡ, ಪ್ರತಿ ಬೇಸಿಗೆಗೆ ಗ್ಯಾಸ್ ತುಂಬಿಸಿದರೆ ಸಾಕು ಅಂತಾರೆ.”

ಸೋರುವ ಜಾಗ ಹುಡುಕಲು ಅವನು ಬಳಸುವುದು ಸೋಪಿನ ನೊರೆ. ಗುಳ್ಳೆ ಎದ್ದ ಕಡೆ ತೂತು. ಇಷ್ಟು ಸುಲಭದ ಕೆಲಸವನ್ನು ವರ್ಷಕ್ಕೊಮ್ಮೆ ಮಾಡಿಸಿ, ಗ್ಯಾಸು ಹಿಡಿದಿಡುವ ಕೂಲಿಯನ್ನೂ ಬಿಲ್ಲಿಗೆ ಸೇರಿಸಿದರೆ ಮಾಲೀಕರಿಗೂ ನಷ್ಟವಿಲ್ಲ. ಸೋರಿದ್ದು ಅವರದೇ ದುಡ್ಡಲ್ಲವೇ?

ಜೂನಿನಲ್ಲಿ ಓಝೋನ್ ಪಾಠದ ಕೊನೆಗೆ ನನ್ನ ಸ್ಕೂಟರಿನ ಲೆಕ್ಕವನ್ನೂ ಸೇರಿಸಿದೆ. ಹಿಂದಿನ ಬೆಂಚಿಗೆ ಕೇಳಿಸಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.